ಕೆಟ್ಟದ್ದನ್ನೇ ಕುಡಿದ ದೊಡ್ಡಮ್ಮ

ಮೂವತ್ತೊಂದು ವರ್ಷ ಬಿಯರ್ ಕಾರ್ಖಾನೆಯಲ್ಲಿ ದುಡಿದ ಹೆಂಗಸು ಒಂದೇ ಒಂದು ಲೋಟ ಒಳ್ಳೆಯ ಬಿಯರನ್ನು ಪೂರ್ತಿ ಕುಡಿದಿಲ್ಲ ಎಂದರೆ ಯಾರು ನಂಬುತ್ತಾರೆ? ನಂಬದಿದ್ದರೆ ಬಿಡಿ, ಅವಳ ತಂಗಿಯ ಮಗಳೂ ಮೊದಲು ನಂಬಿರಲಿಲ್ಲ. ಒಳ್ಳೆಯದು ಬಾಯಿಗೆ ಬಂದರೆ ದೊಡ್ಡಮ್ಮ ಅದನ್ನು ನಾಲಿಗೆಯ ಮೇಲೆ ಎರಡು ಸುತ್ತು ತಿರುಗಿಸಿ, ಒಂದು ಕ್ಷಣ ಕಣ್ಣು ಮುಚ್ಚಿ, ಬಕೆಟ್ಟಿಗೆ ಉಗುಳುತ್ತಾಳೆ. ಪೂರ್ತಿ ಲೋಟ ಗಂಟಲಲ್ಲಿ ಇಳಿಸುವುದು ಕೆಟ್ಟುಹೋದದ್ದನ್ನು ಮಾತ್ರ.

ತಲೆ ನೆಟ್ಟಗಿದೆಯೇ ಎಂದು ಕೇಳಬೇಡಿ. ಅದು ಆ ಕಾರ್ಖಾನೆಯ ಹಿರಿಯ ಯಜಮಾನರು ಹಾಕಿಟ್ಟ ಕಟ್ಟಳೆ. ಒಂದು ಪೀಪಾಯಿ ಕೆಟ್ಟಿದೆ, ಚೆಲ್ಲಿಬಿಡಿ ಎಂದು ಹೇಳುವ ಹಕ್ಕು ಯಾರಿಗೆ ಬೇಕೋ ಅವರು ಮೊದಲು ಅದರದೇ ಒಂದು ಲೋಟವನ್ನು ನಿಂತುಕೊಂಡು, ತಳ ಕಾಣುವವರೆಗೆ ಕುಡಿಯಬೇಕು. ವರ್ಷಗಟ್ಟಲೆ ಕಾದು ಮಾಡಿದ ಮಾಲನ್ನು ಯಾರೋ ಒಬ್ಬರು ಒಂದು ಗುಟುಕಿಗೆ ಮೂಗು ಮುರಿದು ಮೋರಿಗೆ ಬಿಡಬಾರದು ಎಂಬುದು ಹಿರಿಯರ ವಾದ. ಅವರು ತೀರಿಕೊಂಡು ಒಂಬತ್ತು ವರ್ಷವಾಗಿದೆ. ಕಟ್ಟಳೆ ಮಾತ್ರ ಹಾಗೇ ಇದೆ, ಯಾಕೆಂದರೆ ಪೀಪಾಯಿ ಕೋಣೆ ದೊಡ್ಡಮ್ಮನ ಕೈಯಲ್ಲಿದೆ.

ಆ ಕೋಣೆಯನ್ನು ನೋಡಬೇಕು ನೀವು. ಬಸ್ ಡಿಪೋದ ಹಿಂದಿನ ರಸ್ತೆಯಲ್ಲಿ, ಟೈರ್ ಅಂಗಡಿಗೂ ಪ್ರಿಂಟಿಂಗ್ ಪ್ರೆಸ್ಸಿಗೂ ನಡುವೆ ಕಾರ್ಖಾನೆ. ಮುಂದೆಲ್ಲ ಸ್ಟೀಲ್ ಟ್ಯಾಂಕು, ಪೈಪು, ಗಡಗಡ ಸದ್ದು. ಹಿಂದಿನ ಬಾಗಿಲು ದಾಟಿದರೆ ತಗ್ಗು ಮಾಡಿನ ಉದ್ದನೆಯ ಇಟ್ಟಿಗೆ ಕೋಣೆ, ಬಿಸಿಲು ಬೀಳುವ ಕಡೆ ಕಿಟಕಿಯೇ ಇಲ್ಲ. ಸಿಮೆಂಟು ನೆಲ, ಮಧ್ಯೆ ನೀರು ಹರಿಯಲು ಒಂದು ಸಣ್ಣ ಕಾಲುವೆ, ಅದರ ಎರಡೂ ಬದಿ ಮರದ ಕುರ್ಚಿಗಳಂಥ ಆಸರೆಗಳ ಮೇಲೆ ಮೂರು ಮೂರು ಓಕ್ ಪೀಪಾಯಿಗಳು ಅಡ್ಡ ಮಲಗಿವೆ. ಒಂದು ಕಾಲದಲ್ಲಿ ಕೆಂಪು ವೈನ್ ತುಂಬಿದ್ದ ಪೀಪಾಯಿಗಳು. ಅವುಗಳಲ್ಲಿ ಬೆಲ್ಜಿಯಂ ಕಡೆಯ ರೀತಿಯ ಏಲ್, ಅಂದರೆ ನಿಧಾನವಾಗಿ ಹುಳಿಗೂಡುವ ಒಂದು ಬಗೆಯ ಬಿಯರ್, ಒಂದು ವರ್ಷ ಮಲಗುತ್ತದೆ. ಆಮೇಲೆ ಅದಕ್ಕೆ ಹಣ್ಣು ಬೀಳುತ್ತದೆ. ಮತ್ತೆ ಆರು ತಿಂಗಳು. ಬೇರೆ ಕಡೆ ಮೂರು ವಾರದಲ್ಲಿ ಮುಗಿಯುವ ಕೆಲಸಕ್ಕೆ ಇಲ್ಲಿ ಒಂದೂವರೆ ವರ್ಷ!

ದೊಡ್ಡಮ್ಮ ಇಲ್ಲಿಗೆ ಬಂದದ್ದು ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಬಾಟಲಿ ತೊಳೆಯಲು. ಮನೆಮನೆಗಳಿಂದ ವಾಪಸು ಬಂದ ಬಾಟಲಿಗಳನ್ನು ಎರಡು ಸಲ ತೊಳೆದು ಬೋರಲು ಹಾಕುವ ಕೆಲಸ. ಸೇರಿದ ವಾರದಲ್ಲೇ ತೊಳೆದಿಟ್ಟ ಸಾಲಿನಿಂದ ಮೂರು ಬಾಟಲಿ ಎತ್ತಿ ಪಕ್ಕಕ್ಕಿಟ್ಟಳಂತೆ. "ಇದರಲ್ಲಿ ಸೀಮೆಎಣ್ಣೆ ಇಟ್ಟಿದ್ರು. ಇದರಲ್ಲಿ ಪಾತ್ರೆ ತೊಳೆಯೋ ಸೋಪು. ಇದರಲ್ಲಿ ಯಾರೋ ಹೂವು ಇಟ್ಟು ನೀರು ಬದಲಾಯಿಸೋದು ಮರೆತಿದ್ದಾರೆ." ಜೊತೆಯವರು ಬಿದ್ದು ಬಿದ್ದು ನಕ್ಕರು. ಹಿರಿಯ ಯಜಮಾನರು ನಗಲಿಲ್ಲ. ಮೂರೂ ಬಾಟಲಿ ಮೂಸಿ ನೋಡಿ, ಏನೂ ಗೊತ್ತಾಗದೆ, ಅವಳನ್ನು ಕರೆದುಕೊಂಡು ಹೋಗಿ ಪೀಪಾಯಿಗಳ ನಡುವೆ ನಿಲ್ಲಿಸಿದರು. ಅವತ್ತಿನಿಂದ ಅವಳು ಆ ಕೋಣೆ ಬಿಟ್ಟಿಲ್ಲ.

ಅಂಥ ಮೂಗಿನ ಜೊತೆ ಸಂಸಾರ ಮಾಡುವುದು ಹುಡುಗಾಟವೇ? ದೊಡ್ಡಪ್ಪನನ್ನು ಕೇಳಿ. ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ದೊಡ್ಡಪ್ಪ ಸಿಟಿ ಬಸ್ಸಿನ ಡ್ರೈವರ್, ಕುಡಿತದ ಸುದ್ದಿಗೆ ಹೋದವನಲ್ಲ. ಆದರೂ ಹೆಂಡತಿಯ ಕೆಲಸಕ್ಕಾಗಿ ಮೂವತ್ತೊಂದು ವರ್ಷದಿಂದ ಘಮಘಮ ಸೋಪು ಕಂಡಿಲ್ಲ, ತಲೆಗೆ ವಾಸನೆ ಎಣ್ಣೆ ಸೋಕಿಸಿಲ್ಲ. ರುಚಿ ನೋಡುವ ದಿನ ಬೆಳಗ್ಗೆ ಒಲೆಯ ಮೇಲೆ ಬಾಣಲೆ ಏರುವಂತಿಲ್ಲ, ಒಣ ಬ್ರೆಡ್ಡು ಕಡಿದುಕೊಂಡು ಡ್ಯೂಟಿಗೆ ಹೋಗಬೇಕು. ಒಮ್ಮೆ ಯಾರೋ ಕೊಟ್ಟ ಸೆಂಟು ಹಾಕಿಕೊಂಡು ಬಂದ ತಪ್ಪಿಗೆ, ಮೆಟ್ಟಿಲ ಕೆಳಗಿನ ನಲ್ಲಿಯಲ್ಲಿ ಎರಡು ಸಲ ಮೈ ತೊಳೆಸಿಕೊಂಡ ಮೇಲೇ ಅವನಿಗೆ ಮನೆಯೊಳಗೆ ಪ್ರವೇಶ. "ನಾನು ಕಟ್ಟಿಕೊಂಡಿದ್ದು ಹೆಂಡ್ತೀನಲ್ಲ ಕಣಮ್ಮ, ಮೂಗನ್ನ. ಹೆಂಡ್ತಿ ಅದರ ಜೊತೆ ಬಂದಳು" ಎಂದು ತಂಗಿಯ ಮಗಳ ಹತ್ತಿರ ದೂರು ಹೇಳುತ್ತಾನೆ. ಹೇಳುವಾಗ ಮುಖದಲ್ಲಿ ಮಾತ್ರ ಜಂಬವೋ ಜಂಬ.

ತಂಗಿಯ ಮಗಳು, ಎಲ್ಲರ ಬಾಯಲ್ಲಿ ಪುಟ್ಟಿ, ಮೂವತ್ತೆರಡು ವರ್ಷದವಳು, ಬಿಯರ್ ಮಾಡುವುದನ್ನೇ ಕಾಲೇಜಿನಲ್ಲಿ ಓದಿ ಬಂದವಳು. ಎರಡು ವರ್ಷದ ಹಿಂದೆ ಕಾರ್ಖಾನೆಗೆ ಮುಖ್ಯ ಬ್ರೂಯರ್ ಆಗಿ ಸೇರಿದಳು. ಅವಳು 'ದೊಡ್ಡಮ್ಮಾ' ಎಂದು ಕೂಗುವುದನ್ನು ಕೇಳಿ ಕೇಳಿ ಇಡೀ ಕಾರ್ಖಾನೆಗೇ ಆ ಹೆಂಗಸು ದೊಡ್ಡಮ್ಮನಾದಳು, ಯಜಮಾನರಿಗೂ. ಸೇರಿದ ಹೊಸತರಲ್ಲಿ ಪುಟ್ಟಿಗೆ ದೊಡ್ಡಮ್ಮನ ಕಾರುಬಾರು ಕಂಡರೆ ಒಳಗೊಳಗೇ ನಗು. ಹುಳಿ ಅಳೆಯಲು ಅವಳ ಹತ್ತಿರ ಯಂತ್ರವಿತ್ತು. ಯಂತ್ರ ಎಲ್ಲ ಸರಿಯಿದೆ ಎಂದ ದಿನವೇ ದೊಡ್ಡಮ್ಮ ಬಾಗಿಲಲ್ಲಿ ನಿಂತು, "ಎರಡನೇದರ ಬಳೆ ಸಡಿಲ ಆಗಿದೆ ನೋಡು, ಗಾಳಿ ಹೋಗ್ತಿದೆ" ಎಂದಳು. ನೋಡಿದರೆ ಪೀಪಾಯಿಯ ಕಬ್ಬಿಣದ ಬಳೆ ನಿಜಕ್ಕೂ ಒಂದು ನೂಲಿನಷ್ಟು ಸರಿದಿತ್ತು. ಆಮೇಲೆ ಪುಟ್ಟಿ ಬಾಯಿ ಮುಚ್ಚಿಕೊಂಡು ಕಲಿಯತೊಡಗಿದಳು.

ಆ ವರ್ಷ ಆರೂ ಪೀಪಾಯಿಗೆ ಪ್ಲಮ್ ಹಣ್ಣು ಹಾಕಿದರು. ಹಾಕಿದರು ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟೆ, ಆ ಕೆಲಸ ಮಾಡಿದವರ ಸೊಂಟ ಕೇಳಬೇಕು. ಒಂದೊಂದೇ ಹಣ್ಣು ಸೀಳಿ, ಬೀಜ ತೆಗೆದು, ಪೀಪಾಯಿಯ ಹೊಟ್ಟೆಯ ಮೇಲಿರುವ ಎರಡು ಬೆರಳಗಲದ ತೂತಿನಲ್ಲಿ ಒಳಗೆ ತುರುಕಬೇಕು. ಮೂರು ದಿನ ಹಿಡಿಯಿತು. ಬೆರಳುಗಳ ಕೆಂಪು ವಾರವಾದರೂ ಹೋಗಲಿಲ್ಲ. ಕೊನೆಗೆ ತೂತಿಗೆ ಬಿರಡೆ ಬಡಿದು, ದೊಡ್ಡಮ್ಮ ಆರನ್ನೂ ಬಟ್ಟೆಯಲ್ಲಿ ಒರೆಸಿ, ಮಕ್ಕಳನ್ನು ಮಲಗಿಸಿದವಳ ಹಾಗೆ ಹಿಂದಕ್ಕೆ ಸರಿದಳು.

ಎರಡು ತಿಂಗಳಿಗೆ ಗ್ರಹಚಾರ ವಕ್ಕರಿಸಿತು. ರುಚಿ ನೋಡಲೆಂದು ಪೀಪಾಯಿಯ ಮುಖಕ್ಕೆ ಒಂದು ಸಣ್ಣ ಸ್ಟೀಲ್ ಮೊಳೆ ಹೊಡೆದಿರುತ್ತಾರೆ, ಕಿತ್ತರೆ ಸಣ್ಣ ಧಾರೆ ಬರುತ್ತದೆ. ಪುಟ್ಟಿ ಮೊಳೆ ಕಿತ್ತಳು. ಧಾರೆ ಬರಲಿಲ್ಲ. ಮೊಟ್ಟೆಯ ಬಿಳಿಯಂಥ ಲೋಳೆ ದಾರದ ಹಾಗೆ ಇಳಿದು ನೇತಾಡಿತು. ಆರರಲ್ಲೂ ಅದೇ ಕಥೆ.

ಸುದ್ದಿ ಕೇಳಿ ಯಜಮಾನರು ದಡದಡನೆ ಬಂದರು. ಹಿರಿಯರ ಮಗ, ಐವತ್ತು ದಾಟಿ ತಲೆ ಬೆಳ್ಳಗಾಗಿದೆ, ದೊಡ್ಡಮ್ಮನ ಬಾಯಲ್ಲಿ ಮಾತ್ರ ಇನ್ನೂ ಸಣ್ಣ ಯಜಮಾನ್ರು. ಕೆಟ್ಟವರೇನಲ್ಲ, ತಾಳ್ಮೆ ಕಡಿಮೆ. ಮರದ ಪೀಪಾಯಿ ತೆಗೆದು ಆ ಕೋಣೆಗೂ ಸ್ಟೀಲ್ ಟ್ಯಾಂಕ್ ಹಾಕಿಸಬೇಕು ಎಂದು ಅವರು ಒಂದು ವರ್ಷದಿಂದ ಗುನುಗುತ್ತಿದ್ದರು.

"ನೋಡಿದ್ರಾ? ಇದಕ್ಕೇ ನಾನು ಬಡ್ಕೊಂಡಿದ್ದು. ಚೆಲ್ಲಿ ಎಲ್ಲಾನೂ. ಸೋಮವಾರ ಟ್ಯಾಂಕಿನವರನ್ನ ಕರೆಸ್ತೀನಿ."

"ಇದು ಕೆಟ್ಟಿಲ್ಲ ಸಣ್ಣ ಯಜಮಾನ್ರೇ. ಕಾಯಿಲೆ ಬಿದ್ದಿದೆ. ಎದ್ದೇಳುತ್ತೆ. ನಾಲ್ಕು ತಿಂಗಳು ಯಾರೂ ಮುಟ್ಟಬಾರದು ಅಷ್ಟೇ."

"ನಾಲ್ಕು ತಿಂಗಳು! ಈ ಸಿಂಬಳಾನ ಇಟ್ಕೊಂಡು ಕೂರ್ಬೇಕಾ?"

ದೊಡ್ಡಮ್ಮ ಒಂದು ಲೋಟ ತುಂಬ ಲೋಳೆ ಹಿಡಿದು ಅವರ ಮುಂದೆ ಚಾಚಿದಳು. "ಚೆಲ್ಲಬೇಕಾದ್ರೆ ಕುಡೀರಿ. ನಿಮ್ಮ ಅಪ್ಪಾಜಿ ಮಾಡಿದ ಕಟ್ಟಳೆ, ನನ್ನದಲ್ಲ."

ಯಜಮಾನರು ಕೆಕ್ಕರಿಸಿ ನೋಡಿ, ಲೋಟ ಕಸಿದು ಬಾಯಿಗಿಟ್ಟರು. ಮೊದಲ ಗುಟುಕು ಅರ್ಧ ಗಂಟಲಲ್ಲಿ, ಅರ್ಧ ಲೋಟದಲ್ಲಿ, ನಡುವೆ ಕಡಿಯದ ಎಳೆ. ಅವರು ತೊಟ್ಟಿಯ ಕಡೆ ಓಡಿದ ಓಟಕ್ಕೆ ಪುಟ್ಟಿ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿಕೊಂಡಳು. ಬಾಯಿ ತೊಳೆದು ಬಂದ ಯಜಮಾನರು ಅವಳನ್ನೇ ಹಿಡಿದರು. "ನೀವು ಓದಿದವರು, ನೀವು ಹೇಳಿ. ಇದು ಸರಿಹೋಗುತ್ತಾ?"

ಪುಸ್ತಕದಲ್ಲಿ ಹೀಗೂ ಆಗುತ್ತದೆ, ಕೆಲವು ಸಲ ತಾನೇ ತಿಳಿಯಾಗುತ್ತದೆ ಎಂದಿತ್ತು. 'ಕೆಲವು ಸಲ' ಎಂಬುದನ್ನು ನುಂಗಿಕೊಂಡು, "ಹೋಗುತ್ತೆ ಸಾರ್. ಕಾಯೋಣ" ಎಂದಳು.

"ಸರಿ. ನಾಲ್ಕು ತಿಂಗಳು. ಆಮೇಲೂ ಹೀಗೇ ಇದ್ರೆ ಪೀಪಾಯಿನೂ ಹೊರಗೆ, ದೊಡ್ಡಮ್ಮ ಮನೆಗೆ. ನಾನು ಕೆಟ್ಟವನು ಅಂದ್ಕೊಂಡ್ರೂ ಪರವಾಗಿಲ್ಲ."

ದೊಡ್ಡಮ್ಮ ಅವತ್ತು ಸಂಜೆ ತನ್ನ ಪಾಡಿಗೆ ತಾನು ನೆಲ ತೊಳೆದು, ಬಸ್ ಹಿಡಿದು ಮನೆಗೆ ಹೋಗಿ ಗಡದ್ದಾಗಿ ನಿದ್ದೆ ಮಾಡಿದಳು. ನಿದ್ದೆಗೆಟ್ಟವಳು ಪುಟ್ಟಿ. ಆ ಕೋಣೆಯಿಲ್ಲದ ದೊಡ್ಡಮ್ಮನನ್ನು ಅವಳಿಗೆ ಊಹಿಸಿಕೊಳ್ಳಲೂ ಆಗಲಿಲ್ಲ. ಟೈಲರ್ ಅಂಗಡಿಯ ಮೇಲಿನ ಕಿಟಕಿಯಲ್ಲಿ ಕೂತು ರಸ್ತೆ ನೋಡುತ್ತ ಆ ಹೆಂಗಸು ಏನು ಮಾಡುತ್ತಾಳೆ? ಆ ಮೂಗಿಗೆ ಅಲ್ಲೇನು ಕೆಲಸ?

ಕಾಯುವುದು ಎಂದರೆ ಏನೂ ಮಾಡದಿರುವುದು. ಓದಿದವರಿಗೆ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಹದಿಮೂರನೆಯ ದಿನ ಮಧ್ಯಾಹ್ನ ದೊಡ್ಡಮ್ಮ ಊಟಕ್ಕೆಂದು ಮನೆಗೆ ಹೋದಾಗ ಪುಟ್ಟಿಯ ಕೈ ಸುಮ್ಮನಿರಲಿಲ್ಲ. ಮೂಲೆಯಲ್ಲಿದ್ದ ಆರನೆಯ ಪೀಪಾಯಿಯ ಬಿರಡೆಯನ್ನು ಮೆಲ್ಲಗೆ ತಿರುವಿ ತೆಗೆದು, ಟಾರ್ಚ್ ಬಿಟ್ಟು ನೋಡಿದಳು. ಏಲ್‌ನ ಮೇಲೆ ಬಿಳಿ ಪೊರೆ ಕಟ್ಟಿತ್ತು. ಒಳಗಿನದನ್ನು ಗಾಳಿಯಿಂದ ಕಾಯುವುದೇ ಆ ಪೊರೆ. ಅದನ್ನು ಗಾಜಿನ ಕೊಳವೆಯಿಂದ ಚುಚ್ಚಿ ಒಂದು ಚಮಚದಷ್ಟು ಎಳೆದಳು. ಲೋಳೆ. ಬಿರಡೆ ಹಾಕಿದಳು.

ಒಂದೇ ಸಲ ಎಂದುಕೊಂಡಿದ್ದಳು, ಪಾಪ. ಅದಾದ ಆರನೆಯ ದಿನ ಮತ್ತೆ. ಆಮೇಲೆ ಐದು ದಿನಕ್ಕೊಮ್ಮೆ, ಒಮ್ಮೊಮ್ಮೆ ನಾಲ್ಕು ದಿನಕ್ಕೇ. ಗಾಳಿ ಸೋಕಿದರೆ ಏಲ್ ವಿನೆಗರ್ ಆಗುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೇ? ಪರೀಕ್ಷೆಯಲ್ಲಿ ಎರಡು ಪುಟ ಬರೆದು ಬಂದಿದ್ದಳು! ಆದರೆ ತೆಗೆದು ನೋಡಿದ ದಿನ ಅವಳಿಗೆ ಊಟ ಸೇರುತ್ತಿತ್ತು, ನೋಡದ ದಿನ ಇಲ್ಲ. ಇದೊಂದನ್ನೇ ನೋಡುತ್ತೇನೆ, ಉಳಿದ ಐದನ್ನು ಮುಟ್ಟುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮೂರನೆಯ ತಿಂಗಳ ಹೊತ್ತಿಗೆ ಲೋಳೆ ತೆಳ್ಳಗಾಯಿತು. ಕುಣಿದಾಡುವಷ್ಟು ಖುಷಿ, ಹೇಳಿಕೊಳ್ಳುವಂತಿಲ್ಲ. ಅದಾದ ಮೇಲೆ ಒಂದು ದಿನ ಕೊಳವೆಯ ತುದಿಯಿಂದ ಬೇರೆಯೇ ಒಂದು ವಾಸನೆ ಬಂತು, ಉಗುರು ಬಣ್ಣ ಒರೆಸುವ ದ್ರವದ್ದು. ಏಲ್ ಹಾಳಾಗತೊಡಗಿದ ಗುರುತು ಅದು. ಬಿರಡೆ ಹಾಕಿದವಳು ಮತ್ತೆ ಅದರ ತಂಟೆಗೆ ಹೋಗಲಿಲ್ಲ. ದೊಡ್ಡಮ್ಮನಿಗೆ ಹೇಳಬೇಕು, ನಾಳೆ ಹೇಳುತ್ತೇನೆ ಎಂದು ಹದಿನೆಂಟು ದಿನ ದೂಡಿದಳು. ಹತ್ತೊಂಬತ್ತನೆಯ ದಿನ ರುಚಿ ನೋಡುವ ದಿನವಾಗಿತ್ತು.

ಬೆಳಗ್ಗೆ ಹತ್ತು ಗಂಟೆ. ಮೇಜಿನ ಮೇಲೆ ಬಿಳಿ ಬಟ್ಟೆ, ಮೂರು ಗಾಜಿನ ಲೋಟ, ನೀರು, ಒಣ ಬ್ರೆಡ್ಡು, ಉಗುಳಲು ಬಕೆಟ್ಟು. ಯಜಮಾನರು ಮುಖ ಗಂಟು ಹಾಕಿಕೊಂಡೇ ಬಂದರು. ದೊಡ್ಡಮ್ಮ ಒಂದನೆಯ ಪೀಪಾಯಿಯ ಮೊಳೆ ಕಿತ್ತಳು.

ಧಾರೆ ಬಂತು! ದಾರವಲ್ಲ, ಲೋಳೆಯಲ್ಲ, ತಿಳಿಯಾದ ಧಾರೆ, ಲೋಟದ ತಳಕ್ಕೆ ಬಿದ್ದು ಚಟಚಟ ಸದ್ದು ಮಾಡಿತು. ಪ್ಲಮ್ ಸಿಪ್ಪೆಯ ಕೆಂಪು, ದೀಪಕ್ಕೆ ಹಿಡಿದರೆ ಅಂಚಿನಲ್ಲಿ ಕಿತ್ತಳೆ. ಪುಟ್ಟಿ ಮೂಗಿಗೆ ಹಿಡಿದಳು. ಮೊದಲು ಹಣ್ಣಿನ ಘಮ, ಅದರ ಹಿಂದೆ ಹಳೆಯ ಮರ, ಇನ್ನೂ ಹಿಂದೆ ಎಂದೋ ಖಾಲಿಯಾದ ವೈನಿನ ನೆನಪು. ಬಾಯಿಗೆ ಹಾಕಿಕೊಂಡರೆ ಹುಳಿ ನಾಲಿಗೆಯ ಎರಡೂ ಅಂಚನ್ನು ಹಿಡಿದು ಜಗ್ಗಿತು. ಬಿಟ್ಟಿತು ಎನ್ನುವಾಗ ಹಣ್ಣಿನ ಸಿಪ್ಪೆಯ ಒಗರು ಮೆಲ್ಲಗೆ ಬಂದು ಕೂತಿತು, ಒಗರಿನ ಜೊತೆಗೆ ಮರದ ಇನ್ನೊಂದು ಒಗರು. ಸಿಹಿ ಎಲ್ಲೂ ಇಲ್ಲ, ಆದರೂ ಬಾಯಿ ಸಿಹಿಯಾದದ್ದೇನೋ ತಿಂದ ಹಾಗೆ ನೀರೂರುತ್ತಿತ್ತು. ಅಬ್ಬಾ, ಆ ಸಿಂಬಳ ಹೋಗಿ ಇದಾಯಿತೇ! ಪುಟ್ಟಿಗೆ ಕಣ್ಣು ತುಂಬಿ ಬಂತು. ಯಜಮಾನರು ಉಗುಳುವುದನ್ನೇ ಮರೆತು ನುಂಗಿ, ಏನೂ ಆಗದವರ ಹಾಗೆ ಇನ್ನೊಂದು ಸಲ ಲೋಟ ಚಾಚಿದರು.

ಎರಡನೆಯದು ಇನ್ನೂ ಹುಳಿ, ಮೂರನೆಯದು ಮೆತ್ತಗೆ. ನಾಲ್ಕನೆಯದನ್ನು ಬಾಯಲ್ಲಿಟ್ಟು ದೊಡ್ಡಮ್ಮ ಮಾಮೂಲಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿದಳು. ಐದೂ ಸೊಗಸು. ಯಜಮಾನರ ಮುಖದ ಗಂಟು ಬಿಚ್ಚಿ, "ಒಪ್ಕೊಂಡೆ ದೊಡ್ಡಮ್ಮ, ಒಪ್ಕೊಂಡೆ" ಎಂದು ನಗುತ್ತ ಆರನೆಯದರ ಲೋಟ ಬಾಯಿಗಿಟ್ಟವರು ಹಾಗೇ ಬಕೆಟ್ಟಿಗೆ ಬಗ್ಗಿದರು.

"ಇದೇನಿದು, ವಿನೆಗರ್!"

ಯಜಮಾನರು ಬಾಯಿ ಒರೆಸಿಕೊಂಡು ದೊಡ್ಡಮ್ಮನ ಕಡೆ ತಿರುಗಿದರು.

"ಎಲ್ಲದಕ್ಕೂ ಒಂದೇ ಏಲ್, ಒಂದೇ ಹಣ್ಣು, ಒಂದೇ ದಿನ ತುಂಬಿದ್ದು. ಇದೊಂದು ಯಾಕೆ ಹೋಯ್ತು? ಕಾರಣ ಗೊತ್ತಿದ್ರೆ ಹೇಳಿ, ಒಪ್ಕೋತೀನಿ. ಗೊತ್ತಿಲ್ಲ ಅಂದ್ರೆ ಇದು ಲಾಟರಿ. ಈ ಸಲ ಒಂದು, ಮುಂದಿನ ಸಲ ಆರೂ."

"ಬಿರಡೆ ನಾನೇ ಸರಿಯಾಗಿ ಬಡಿದಿಲ್ಲ ಅಂತ ಕಾಣುತ್ತೆ" ಎಂದಳು ದೊಡ್ಡಮ್ಮ, ಬ್ರೆಡ್ಡಿನ ಚೂರು ಮೇಜಿನಿಂದ ಒರೆಸುತ್ತ. "ವಯಸ್ಸಾಯ್ತು. ಕೈಯಲ್ಲಿ ಮೊದಲಿನ ಹಿಡಿತ ಇಲ್ಲ."

ಯಜಮಾನರು ಲೋಟ ಕೆಳಗಿಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಪುಟ್ಟಿಗೆ ಹೆಚ್ಚು ಹೆದರಿಕೆ ತಂದಿತು. "ನಿಮ್ಮ ಕೈಯೇ ತಪ್ಪೋಕೆ ಶುರು ಆದ್ರೆ ಈ ಕೋಣೇನ ಯಾರ ಮೇಲೆ ಬಿಡಲಿ ದೊಡ್ಡಮ್ಮ? ಐದು ಬಾಟಲಿಗೆ ತುಂಬೋಣ. ಆಮೇಲೆ ಟ್ಯಾಂಕ್ ಹಾಕಿಸ್ತೀನಿ. ಬೇಜಾರು ಮಾಡ್ಕೋಬೇಡಿ."

ದೊಡ್ಡಮ್ಮ ತಲೆಯಾಡಿಸಿ ಆರನೆಯದರಿಂದ ಪೂರ್ತಿ ಲೋಟ ಹಿಡಿದಳು. ಚೆಲ್ಲುವ ಮೊದಲು ಕುಡಿಯಬೇಕಲ್ಲ. ಲೋಟ ಬಾಯಿಯ ಹತ್ತಿರ ಹೋಗುವಷ್ಟರಲ್ಲಿ ಪುಟ್ಟಿ ಅದನ್ನು ಅವಳ ಕೈಯಿಂದ ಕಿತ್ತುಕೊಂಡು ಗಟಗಟ ಕುಡಿಯತೊಡಗಿದಳು. ಗಂಟಲು ಉರಿಯಿತು, ಮೂಗಿನಲ್ಲಿ ಘಾಟು ಏರಿತು, ಕಣ್ಣಲ್ಲಿ ನೀರು ಸುರಿಯಿತು, ಹೊಟ್ಟೆ ಬೇಡ ಬೇಡ ಎಂದು ಮೇಲಕ್ಕೆ ತಳ್ಳಿತು. ತಳ ಕಾಣುವವರೆಗೆ ಬಿಡಲಿಲ್ಲ.

"ಬಿರಡೆ ಸರಿಯಾಗೇ ಇತ್ತು ಸಾರ್" ಎಂದಳು ಕೆಮ್ಮುತ್ತ. "ನಾನು ತೆಗೆದೆ. ಸರಿಹೋಗ್ತಿದೆಯಾ ಅಂತ ನೋಡೋಕೆ. ಕೊಳವೆ ಹಾಕಿ ಪೊರೆ ಒಡೆದೆ. ಮರದ್ದೂ ತಪ್ಪಿಲ್ಲ, ದೊಡ್ಡಮ್ಮಂದೂ ತಪ್ಪಿಲ್ಲ. ಕೆಲಸದಿಂದ ತೆಗೆಯೋದಾದ್ರೆ ನನ್ನ ತೆಗೀರಿ."

ಯಜಮಾನರು ಅವಳನ್ನು ದಿಟ್ಟಿಸಿದರು. "ನೀವಾ? ಎಷ್ಟು ಸಲ?"

"ಹತ್ತೊಂಬತ್ತು."

"ಇಪ್ಪತ್ತೊಂದು" ಎಂದಳು ದೊಡ್ಡಮ್ಮ.

ಇಬ್ಬರೂ ಅವಳ ಕಡೆ ತಿರುಗಿದರು. ದೊಡ್ಡಮ್ಮನ ಮುಖದಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದವಳ ನಾಚಿಕೆ.

"ನಿನಗೆ ಗೊತ್ತಿತ್ತಾ ದೊಡ್ಡಮ್ಮಾ?"

"ತೆಗೆದ ದಿನ ಸಂಜೆವರೆಗೂ ನಿನ್ನ ತೋಳು ಪ್ಲಮ್ ವಾಸನೆ ಹೊಡೀತಿತ್ತಲ್ಲೇ. ಕ್ಯಾಲೆಂಡರಲ್ಲಿ ಚುಕ್ಕಿ ಇಟ್ಟಿದ್ದೀನಿ, ಬೇಕಾದ್ರೆ ಎಣಿಸ್ಕೋ."

"ಗೊತ್ತಿದ್ದೂ ಯಾಕೆ ಬೈಲಿಲ್ಲ? ಎರಡನೇ ಸಲಕ್ಕೇ ಒಂದು ಮಾತು ಹೇಳಿದ್ರೆ ಉಳೀತಿತ್ತಲ್ಲ!" ಪುಟ್ಟಿಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು.

"ಬೈದಿದ್ರೆ ನೀನು ಅದನ್ನ ಬಿಟ್ಟು ಮೂರನೇದಕ್ಕೆ ಕೈ ಹಾಕ್ತಿದ್ದೆ. ಆಮೇಲೆ ಐದನೇದಕ್ಕೆ. ಗಾಬರಿ ಬಿದ್ದ ಕೈ ಬೈದ್ರೆ ನಿಲ್ಲಲ್ಲ ಪುಟ್ಟಿ. ಅದಕ್ಕೆ ಒಂದು ಪೀಪಾಯಿ ಬೇಕಿತ್ತು, ಬಿಟ್ಟುಕೊಟ್ಟೆ. ಐದು ಉಳ್ಕೊಂಡ್ವು."

"ಬಿಟ್ಟುಕೊಟ್ರಾ!" ಯಜಮಾನರ ದನಿ ಈಗ ಏರಿತು. "ಇನ್ನೂರಿಪ್ಪತ್ತೈದು ಲೀಟರ್, ಒಂದೂವರೆ ವರ್ಷದ್ದು! ನನ್ನ ಮಾಲು! ಯಾರು ಹೇಳಿಕೊಟ್ರು ನಿಮಗೆ ಇದನ್ನ?"

"ನಿಮ್ಮ ಅಪ್ಪಾಜಿ" ಎಂದಳು ದೊಡ್ಡಮ್ಮ. "ನಾನು ಬಂದ ಮೊದಲನೇ ವರ್ಷವೂ ಹೀಗೇ ಲೋಳೆ ಕಟ್ಟಿತ್ತು. ನಾನೂ ಕದ್ದು ಬಿರಡೆ ತೆಗೀತಿದ್ದೆ. ಒಂದೇ ಪೀಪಾಯೀದು, ಮೂವತ್ನಾಲ್ಕು ಸಲ. ಅವರು ಕೊನೆವರೆಗೂ ಬಾಯಿ ಬಿಡಲಿಲ್ಲ. ವಿನೆಗರ್ ಆದಾಗ ಲೋಟ ಕೈಗೆ ಕೊಟ್ಟು, ಮೂವತ್ನಾಲ್ಕು ಅಂತ ಮಾತ್ರ ಅಂದ್ರು. ಅವತ್ತು ಕುಡಿದ ಮೇಲೆ ನನ್ನ ಕೈ ಇವತ್ತಿನವರೆಗೂ ಯಾವ ಬಿರಡೆ ಮೇಲೂ ಸುಮ್ಮನೆ ಹೋಗಿಲ್ಲ."

ಯಜಮಾನರು ಆರನೆಯ ಪೀಪಾಯಿಯ ಕಡೆ ತಿರುಗಿದರು. ಅಪ್ಪನನ್ನು ನೆನೆಸಿಕೊಂಡರೋ ಏನೋ, ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಂಡರು. ಆಮೇಲೆ ನಾಲ್ಕನೆಯದರಿಂದ ತಾವೇ ಅರ್ಧ ಲೋಟ ಹಿಡಿದುಕೊಂಡು, ನಿಧಾನವಾಗಿ ಕುಡಿದು ಮುಗಿಸಿ, ಬಾಗಿಲ ಕಡೆ ನಡೆದರು.

"ಟ್ಯಾಂಕ್ ಬೇಡ" ಎಂದರು ತಿರುಗಿ ನೋಡದೆ. "ಮುಂದಿನ ವರ್ಷ ಏಳು ಪೀಪಾಯಿ ಇಡಿ. ಆರು ಕಾರ್ಖಾನೆಗೆ, ಒಂದು ಇವರು ತೆಗೆದು ನೋಡೋಕೆ."

ಪುಟ್ಟಿಯ ಗಂಟಲು ಇನ್ನೂ ಉರಿಯುತ್ತಿತ್ತು. ದೊಡ್ಡಮ್ಮನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಮಗುವಿನ ಹಾಗೆ ಅಳುತ್ತಿದ್ದಳು, ಅಳುತ್ತಲೇ ಕೂಗಿ ಹೇಳಿದಳು:

"ಬೇಡ ಸಾರ್. ಆರೇ ಸಾಕು."